ಪಂದ್ಯ ಮುಗಿದ ಮೇಲೂ ಮೈದಾನ ಜನರದ್ದಾಗಿರಲಿ

ದೊಡ್ಡ ಪಂದ್ಯಕ್ಕೆ ಗಾಲ್ಫ್ ಮೈದಾನ ಸಜ್ಜಾಗುವ ಕೆಲಸ ಮಣ್ಣಿನಡಿಯಿಂದ ಶುರುವಾಗುತ್ತದೆ. ಬೆಂಗಳೂರಿನ ಚಲ್ಲಘಟ್ಟದಿಂದ ಅಮೆರಿಕದ ಹ್ಯೂಸ್ಟನ್‌ವರೆಗೆ ಅದು ನಡೆದ ಬಗೆ ಹೇಗೆ? ಗಾಲ್ಫ್ ಕೋಲನ್ನೇ ಕಾಣದ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಮೈದಾನಗಳು ಅದರಿಂದ ಪಡೆಯಬಹುದಾದದ್ದೇನು?

ಕೂಡ್ಲಿಗಿಯ ಮಸಾರಿ ಹೊಲವಾಗಲಿ, ಹಡಗಲಿಯ ಎರೆ ಹೊಲವಾಗಲಿ, ಗರಿಕೆ ಹೊಕ್ಕಿತೆಂದರೆ ರೈತನಿಗೆ ನೆಮ್ಮದಿಯಿಲ್ಲ. ಬೇಸಿಗೆಯಲ್ಲಿ ಆಳ ಉಳುಮೆ ಮಾಡಿ, ಗೆಣ್ಣು ಆರಿಸಿ, ಬದುವಿನ ಮೇಲೆ ಒಣಗಿಸಿ ಸುಟ್ಟರೂ, ಒಂದು ತುಂಡು ಮಣ್ಣಲ್ಲಿ ಉಳಿದರೆ ಸಾಕು, ಮುಂಗಾರಿನ ಮೊದಲ ಮಳೆಗೆ ಮತ್ತೆ ತಲೆ ಎತ್ತುತ್ತದೆ. ಗಣೇಶ ಚೌತಿಯ ದಿನವಷ್ಟೇ ಅದಕ್ಕೆ ಮರ್ಯಾದೆ. ಆದರೆ ಜಗತ್ತಿನ ಬಿಸಿನಾಡುಗಳ ಗಾಲ್ಫ್ ಮೈದಾನಗಳು ನಿಂತಿರುವುದು ಇದೇ ಗರಿಕೆಯ ಕುಲದ ಮೇಲೆ. ಅಲ್ಲಿ ಅದಕ್ಕೆ ಬರ್ಮುಡಾ ಹುಲ್ಲು ಎನ್ನುತ್ತಾರೆ. ತುಳಿದರೂ ಸಾಯದ, ಕತ್ತರಿಸಿದಷ್ಟೂ ಒತ್ತಾಗಿ ಹಬ್ಬುವ ಗುಣಕ್ಕಾಗಿ ರೈತ ಅದನ್ನು ಶಪಿಸುತ್ತಾನೆ. ಅದೇ ಗುಣಕ್ಕಾಗಿ ಮೈದಾನದ ಮಾಲಿ ಅದನ್ನು ಸಾಕುತ್ತಾನೆ.

1960ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಟಿಫ್ಟನ್ ಎಂಬ ಊರಿನ ಸಂಶೋಧನಾ ಕೇಂದ್ರದಿಂದ ಟಿಫ್‌ವೇ 419 ಎಂಬ ತಳಿ ಹೊರಬಂತು. ಅದು ಸಾಮಾನ್ಯ ಗರಿಕೆ ಮತ್ತು ಆಫ್ರಿಕಾದ ಸಣ್ಣೆಲೆಯ ಗರಿಕೆಯ ಸಂಕರ. ಬೀಜ ಕಟ್ಟುವುದಿಲ್ಲ, ಕಾಂಡದ ತುಂಡು ನೆಟ್ಟೇ ಬೆಳೆಸಬೇಕು. ಇದರ ಹಿಂದಿದ್ದ ವಿಜ್ಞಾನಿ ಗ್ಲೆನ್ ಬರ್ಟನ್. ಈ ಹೆಸರನ್ನು ನಮ್ಮ ಕಡೆಯ ರೈತರು ಕೇಳಿರಲಾರರು, ಆದರೆ ಅವರ ಹೊಲಗಳಿಗೂ ಈ ಮನುಷ್ಯನಿಗೂ ನಂಟಿದೆ. 1965ರಲ್ಲಿ ಭಾರತದಲ್ಲಿ ಬಿಡುಗಡೆಯಾದ ಮೊದಲ ಹೈಬ್ರಿಡ್ ಸಜ್ಜೆ ಎಚ್‌ಬಿ-1ರ ತಾಯಿ ತಳಿ ಟಿಫ್ಟ್ 23ಎ. ಅದನ್ನು ರೂಪಿಸಿದವರೂ ಬರ್ಟನ್ನರೇ. ಬಡವನ ರೊಟ್ಟಿಯ ಸಜ್ಜೆಗೂ ಉಳ್ಳವರ ಆಟದ ಹುಲ್ಲಿಗೂ ಒಂದೇ ಕೈ ದುಡಿದಿದೆ. ಆದ್ದರಿಂದ ಗಾಲ್ಫ್ ಮೈದಾನದ ವಿಷಯ ನಮಗೆ ಸಂಬಂಧವಿಲ್ಲದ್ದು ಎಂದು ಪುಟ ತಿರುವಬೇಡಿ.

1876: ಒಂದು ವರ್ಷ, ಎರಡು ನಾಡು

ಬೆಂಗಳೂರು ಗಾಲ್ಫ್ ಕ್ಲಬ್ ಹುಟ್ಟಿದ್ದು 1876ರಲ್ಲಿ. ದಂಡು ಪ್ರದೇಶದ ಬ್ರಿಟಿಷ್ ಅಧಿಕಾರಿಗಳು ಆಡಲು ಶುರುಮಾಡಿದ ಆ ಕ್ಲಬ್ ದೇಶದ ಅತಿ ಹಳೆಯ ಗಾಲ್ಫ್ ಕ್ಲಬ್‌ಗಳಲ್ಲೊಂದು. ಅದೇ ವರ್ಷ ದಕ್ಷಿಣ ಭಾರತದ ಮಹಾ ಬರಗಾಲ ಶುರುವಾಯಿತು. ಆಗ ಮದ್ರಾಸ್ ಪ್ರೆಸಿಡೆನ್ಸಿಗೆ ಸೇರಿದ್ದ ಬಳ್ಳಾರಿ ಜಿಲ್ಲೆ ಅತಿ ಹೆಚ್ಚು ಪೆಟ್ಟು ತಿಂದ ಜಿಲ್ಲೆಗಳಲ್ಲಿ ಒಂದು. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಸೀಮೆಯ ಜನ ಗಂಜಿ ಕೇಂದ್ರಗಳಿಗೂ ಬರಗಾಲದ ಕಾಮಗಾರಿಗಳಿಗೂ ಸಾಲುಗಟ್ಟಿದ ಕಾಲ ಅದು. ಈ ಎರಡು ಸಂಗತಿಗಳಿಗೆ ನೇರ ಸಂಬಂಧವೇನಿಲ್ಲ. ಆದರೂ ನೀರು ಯಾರ ಪಾಲಿಗೆ, ಹಸಿರು ಯಾರ ಪಾಲಿಗೆ ಎಂದು ಈ ನಾಡಿನವರು ಕೇಳಿದರೆ ಆ ಪ್ರಶ್ನೆಗೆ ನೂರೈವತ್ತು ವರ್ಷದ ಬೇರಿದೆ ಎಂಬುದನ್ನು ಮರೆಯಲಾಗದು.

ಬೆಂಗಳೂರಿನ ಇನ್ನೊಂದು ದೊಡ್ಡ ಮೈದಾನ ಹಳೆಯ ವಿಮಾನ ನಿಲ್ದಾಣ ರಸ್ತೆಯ ಬಳಿಯ ಕರ್ನಾಟಕ ಗಾಲ್ಫ್ ಅಸೋಸಿಯೇಷನ್‌ನದು. ಜಾಗ ಸರ್ಕಾರದ್ದು, ಗುತ್ತಿಗೆ ಸಂಸ್ಥೆಯದು. ಒಂದು ಕಾಲಕ್ಕೆ ಅಲ್ಲಿ ಚಲ್ಲಘಟ್ಟ ಕೆರೆ ಇತ್ತು. ಕೆರೆಯನ್ನೇ ನೆಚ್ಚಿ ಬದುಕಿದ ಸೀಮೆಯವರಿಗೆ ಈ ಮಾತು ಚುಚ್ಚುತ್ತದೆ, ಚುಚ್ಚಲೇಬೇಕು. ಮೈದಾನದ ವಿನ್ಯಾಸ ಆಸ್ಟ್ರೇಲಿಯಾದ ಪೀಟರ್ ಥಾಮ್ಸನ್ ಅವರದು. ಐದು ಬಾರಿ ಬ್ರಿಟಿಷ್ ಓಪನ್ ಗೆದ್ದ ಆಟಗಾರ ಅವರು. 1964ರಲ್ಲಿ ಇಂಡಿಯನ್ ಓಪನ್ ಶುರುವಾಗಲು ನೆರವಾಗಿ ಮೊದಲ ಪ್ರಶಸ್ತಿಯನ್ನೂ ತಾವೇ ಗೆದ್ದವರು. ಅದೇ ಇಂಡಿಯನ್ ಓಪನ್ 2012ರ ಅಕ್ಟೋಬರ್‌ನಲ್ಲಿ ಚಲ್ಲಘಟ್ಟದ ಈ ಮೈದಾನಕ್ಕೆ ಬಂತು. ಥಾಯ್ಲೆಂಡಿನ ಥಾವೊರ್ನ್ ವಿರಾಚಾಂತ್ ಗೆದ್ದರು. 2023ರ ಮಾರ್ಚ್‌ನಲ್ಲಿ ಯುರೋಪಿನ ಚಾಲೆಂಜ್ ಟೂರ್‌ನ ಪಂದ್ಯವೂ ಇಲ್ಲೇ ನಡೆಯಿತು.

ಮಾಲಿಗಳ ಲೆಕ್ಕ ಮಿಲಿಮೀಟರಿನಲ್ಲಿ

ವೃತ್ತಿಪರ ಪಂದ್ಯಕ್ಕೆ ಮೈದಾನ ಸಿದ್ಧಪಡಿಸುವುದೆಂದರೆ ಏನು? ಟಿವಿಯಲ್ಲಿ ಕಾಣುವ ನುಣ್ಣನೆಯ ಹಸಿರು ತಿಂಗಳುಗಟ್ಟಲೆ ದುಡಿಮೆಯ ಕೊನೆಯ ಪದರ. ಕುಳಿ ಇರುವ ಜಾಗಕ್ಕೆ ಗ್ರೀನ್ ಎಂದು ಹೆಸರು. ಅಲ್ಲಿ ಹುಲ್ಲನ್ನು 3 ಮಿಲಿಮೀಟರಿನ ಆಸುಪಾಸಿಗೆ, ಕೆಲವೊಮ್ಮೆ ಅದಕ್ಕೂ ಕೆಳಗೆ ಕತ್ತರಿಸುತ್ತಾರೆ. ಯಂತ್ರದ ಅಲಗು ಸ್ವಲ್ಪ ಮೊಂಡಾದರೂ ಹುಲ್ಲಿನ ತುದಿ ಹರಿದು ಬೆಳ್ಳಗಾಗುತ್ತದೆ, ರೋಗ ಹೊಗುತ್ತದೆ. ನಸುಕಿನಲ್ಲೇ ಎದ್ದು ಇಬ್ಬನಿ ಒರೆಸಿ, ಕತ್ತರಿಸಿ, ಉರುಳೆ ಎಳೆದು, ಆಟಗಾರರು ಬರುವ ಮುಂಚೆ ಮಾಲಿಗಳು ಜಾಗ ಬಿಡಬೇಕು.

ಚೆಂಡು ಎಷ್ಟು ಓಡುತ್ತದೆಂದು ಅಳೆಯಲು ಸ್ಟಿಂಪ್‌ಮೀಟರ್ ಎಂಬ ಸಾಧನವಿದೆ. ಮೂರಡಿ ಉದ್ದದ, ನಡುವೆ ತೋಡು ಇರುವ ಅಲ್ಯುಮಿನಿಯಂ ಪಟ್ಟಿ, ಅಷ್ಟೇ. 1935ರಲ್ಲಿ ಎಡ್ವರ್ಡ್ ಸ್ಟಿಂಪ್ಸನ್ ಎಂಬ ಅಮೆರಿಕದ ಆಟಗಾರ ಇದರ ಮೊದಲ ರೂಪವನ್ನು ಮಾಡಿದರು. ಪಟ್ಟಿಯ ಒಂದು ತುದಿ ಎತ್ತಿದರೆ ಚೆಂಡು ಜಾರಿ ಹುಲ್ಲಿನ ಮೇಲೆ ಉರುಳುತ್ತದೆ. ಎಷ್ಟು ಅಡಿ ಹೋಯಿತೋ ಅದೇ ವೇಗ. ದಿನನಿತ್ಯದ ಆಟಕ್ಕೆ ಎಂಟೊಂಬತ್ತು ಅಡಿ ಸಾಕು. ವೃತ್ತಿಪರರಿಗೆ ಹನ್ನೊಂದರಿಂದ ಹದಿಮೂರು ಅಡಿ ಬೇಕು. ಮೈದಾನದ ಹದಿನೆಂಟೂ ಗ್ರೀನ್‌ಗಳಲ್ಲಿ ಒಂದೇ ವೇಗ ಬರಬೇಕು. ಕುಳಿಯ ಅಗಲ 108 ಮಿಲಿಮೀಟರ್. ಪಂದ್ಯದ ದಿನಗಳಲ್ಲಿ ಅದನ್ನು ಪ್ರತಿದಿನ ಹೊಸ ಜಾಗದಲ್ಲಿ ಕೊರೆಯುತ್ತಾರೆ, ಹಳೆಯದನ್ನು ಹುಲ್ಲಿನ ಹೆಂಟೆಯಿಂದ ಮುಚ್ಚುತ್ತಾರೆ.

ಹೊಸಬರಿಗೆ ವಿಚಿತ್ರವಾಗಿ ಕಾಣುವ ಇನ್ನೊಂದು ಕೆಲಸವಿದೆ. ಪಂದ್ಯಕ್ಕೆ ಹಲವು ವಾರ ಮೊದಲು, ಚೆನ್ನಾಗಿರುವ ಗ್ರೀನ್‌ಗೆ ಸಾವಿರಾರು ತೂತು ಕೊರೆಯುತ್ತಾರೆ. ಕೊಳವೆಯಾಕಾರದ ಹಲ್ಲುಗಳಿರುವ ಯಂತ್ರ ಮಣ್ಣಿನ ಬೆಂಡುಗಳನ್ನು ಕಿತ್ತು ಹೊರಹಾಕುತ್ತದೆ. ಆ ತೂತುಗಳಿಗೆ ಮರಳು ಗುಡಿಸುತ್ತಾರೆ. ತುಳಿತಕ್ಕೆ ಗಟ್ಟಿಯಾದ ನೆಲ ಉಸಿರಾಡುತ್ತದೆ, ನೀರು ಇಂಗುತ್ತದೆ, ಬೇರು ಕೆಳಗಿಳಿಯುತ್ತದೆ. ಕೆಲವು ವಾರ ಮೈದಾನ ನೋಡಲು ಚೆಂದವಿರುವುದಿಲ್ಲ. ಆ ಕುರೂಪವನ್ನು ಸಹಿಸುವ ತಾಳ್ಮೆ ಆಡಳಿತ ಮಂಡಳಿಗೆ ಇಲ್ಲದಿದ್ದರೆ ಪಂದ್ಯದ ಹೊತ್ತಿಗೆ ಹುಲ್ಲು ಸೋಲುತ್ತದೆ.

ಇನ್ನೂ ಕೆಳಗೆ ಹೋದರೆ ಅಸಲಿ ಕಟ್ಟಡ ಸಿಗುತ್ತದೆ. ಅಮೆರಿಕದ ಗಾಲ್ಫ್ ಸಂಸ್ಥೆ 1960ರಲ್ಲಿ ಪ್ರಕಟಿಸಿದ ಮಾದರಿಯನ್ನೇ ಇಂದಿಗೂ ಬಹಳ ಕಡೆ ಅನುಸರಿಸುತ್ತಾರೆ. ತಳದಲ್ಲಿ ನೀರು ಬಸಿಯುವ ಕೊಳವೆಗಳು, ಅದರ ಮೇಲೆ 4 ಅಂಗುಲ ಜಲ್ಲಿ, ಅದರ ಮೇಲೆ 12 ಅಂಗುಲ ಮರಳು ಮಿಶ್ರಣ. ಬೇರಿಗೆ ಬೇಕಾದಷ್ಟು ತೇವ ಮರಳಿನಲ್ಲಿ ನಿಲ್ಲುತ್ತದೆ, ಹೆಚ್ಚಾದದ್ದು ಜಲ್ಲಿಗೆ ಇಳಿದು ಹರಿದುಹೋಗುತ್ತದೆ. ಹಳೆಯ ಮೈದಾನದ ನವೀಕರಣದಲ್ಲಿ ಹಣದ ದೊಡ್ಡ ಪಾಲು ಹೋಗುವುದು ಕಣ್ಣಿಗೆ ಕಾಣದ ಈ ಪದರಗಳಿಗೇ.

ಇದರ ಮುಂದಿನ ಹೆಜ್ಜೆಯನ್ನು ನಾವೆಲ್ಲ ಟಿವಿಯಲ್ಲಿ ನೋಡಿದ್ದೇವೆ. 1990ರ ದಶಕದಲ್ಲಿ ಅಮೆರಿಕದ ಅಗಸ್ಟಾ ಮೈದಾನದ ಮೇಲ್ವಿಚಾರಕ ಮಾರ್ಷ್ ಬೆನ್ಸನ್ ಗ್ರೀನ್‌ಗಳ ಕೆಳಗಿನ ಕೊಳವೆಗಳಿಗೆ ಗಾಳಿಯಂತ್ರ ಜೋಡಿಸಿ ನೀರು ಹೀರುವ ಉಪಾಯ ಮಾಡಿದರು. ಸಬ್‌ಏರ್ ಎಂಬ ಆ ವ್ಯವಸ್ಥೆ 2017ರ ಹೊತ್ತಿಗೆ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣಕ್ಕೆ ಬಂತು. ಭಾರತದ ಕ್ರಿಕೆಟ್ ಮೈದಾನವೊಂದರಲ್ಲಿ ಅದೇ ಮೊದಲು. 2024ರ ಮೇ 18ರಂದು ಚೆನ್ನೈ ವಿರುದ್ಧ ಆರ್‌ಸಿಬಿ ಆಡುತ್ತಿದ್ದಾಗ ಮೂರು ಓವರ್‌ಗೇ ಮಳೆ ಸುರಿದದ್ದು, ನಿಂತ ಕೂಡಲೇ ಮೈದಾನ ಒಣಗಿ ಆಟ ಮುಂದುವರಿದದ್ದು, 27 ರನ್‌ಗಳಿಂದ ಗೆದ್ದು ಪ್ಲೇಆಫ್ ಸೇರಿದ್ದು ಯಾರಿಗೆ ನೆನಪಿಲ್ಲ? ಆ ರಾತ್ರಿ ಕೊಟ್ಟೂರಿನಲ್ಲೂ ಪಟಾಕಿ ಸಿಡಿಸಿದವರಿಗೆ ಗಾಲ್ಫ್ ಮಾಲಿಯೊಬ್ಬನ ಜಾಣ್ಮೆ ಮಾಡಿದ ಉಪಕಾರ ದೊಡ್ಡದು.

ಪಾರ್ಕಿಂಗ್ ಜಾಗವಾಗಿದ್ದ ಮೈದಾನ ಎದ್ದು ನಿಂತಾಗ

ಕ್ಲಬ್‌ಗಳ ಮಾತು ಇಷ್ಟಾಯಿತು. ಸಾರ್ವಜನಿಕ ಗಾಲ್ಫ್ ಮೈದಾನ ಎಂದರೆ ಶುಲ್ಕ ಕೊಟ್ಟ ಯಾರಾದರೂ ಆಡಬಹುದಾದದ್ದು. ಭಾರತದಲ್ಲಿ ಅವು ಬೆರಳೆಣಿಕೆಯಷ್ಟು. ದೆಹಲಿ ಅಭಿವೃದ್ಧಿ ಪ್ರಾಧಿಕಾರ ಲಾಡೊ ಸರಾಯ್‌ನಲ್ಲಿ ಮಾಡಿದ ಕುತುಬ್ ಗಾಲ್ಫ್ ಕೋರ್ಸ್ ಅವುಗಳಲ್ಲಿ ಮೊದಲನೆಯದು. ಇಂಥ ಮೈದಾನವನ್ನು ದೊಡ್ಡ ಪಂದ್ಯಕ್ಕಾಗಿ ನವೀಕರಿಸಿದಾಗ ಏನಾಗುತ್ತದೆ ಎಂದು ನೋಡಲು ಅಮೆರಿಕಕ್ಕೇ ಹೋಗಬೇಕು.

ಸ್ಯಾನ್‌ಫ್ರಾನ್ಸಿಸ್ಕೊ ನಗರದ ಹಾರ್ಡಿಂಗ್ ಪಾರ್ಕ್ ಮೈದಾನ 1925ರಲ್ಲಿ ತೆರೆದದ್ದು. ಪಾಲಿಕೆಯ ಆಸ್ತಿ. ಕ್ರಮೇಣ ಆರೈಕೆ ತಪ್ಪಿತು, ಹುಲ್ಲು ಬೋಳಾಯಿತು. 1998ರಲ್ಲಿ ಪಕ್ಕದ ಖಾಸಗಿ ಕ್ಲಬ್‌ನಲ್ಲಿ ಯುಎಸ್ ಓಪನ್ ನಡೆದಾಗ ಈ ಮೈದಾನವನ್ನು ಕಾರು ನಿಲ್ಲಿಸಲು ಬಳಸಿದರು. ಒಂದು ಸಾರ್ವಜನಿಕ ಮೈದಾನಕ್ಕೆ ಇದಕ್ಕಿಂತ ಅವಮಾನ ಬೇಕೆ? ಸ್ಯಾಂಡಿ ಟೇಟಮ್ ಎಂಬ ಹಿರಿಯ ವಕೀಲರು, ಅಮೆರಿಕದ ಗಾಲ್ಫ್ ಸಂಸ್ಥೆಯ ಅಧ್ಯಕ್ಷರಾಗಿದ್ದವರು, ಅದನ್ನು ಎತ್ತಿ ನಿಲ್ಲಿಸಲು ಪಟ್ಟುಹಿಡಿದರು. ಸುಮಾರು 1.6 ಕೋಟಿ ಡಾಲರ್ ಖರ್ಚಾಯಿತು, ಖರ್ಚಿನ ಬಗ್ಗೆ ತಕರಾರೂ ಎದ್ದಿತು. 2003ರಲ್ಲಿ ಮೈದಾನ ಮತ್ತೆ ತೆರೆಯಿತು. 2005ರಲ್ಲಿ ಅಲ್ಲಿ ವಿಶ್ವಮಟ್ಟದ ಪಂದ್ಯ ನಡೆದು ಟೈಗರ್ ವುಡ್ಸ್ ಗೆದ್ದರು. 2020ರಲ್ಲಿ ಪಿಜಿಎ ಚಾಂಪಿಯನ್‌ಷಿಪ್ ಕೂಡ ಬಂತು. ಊರಿನವರಿಗೆ ಕಡಿಮೆ ಶುಲ್ಕ, ಹೊರಗಿನವರಿಗೆ ಹೆಚ್ಚು ಶುಲ್ಕ ಎಂಬ ನಿಯಮವನ್ನು ಪಾಲಿಕೆ ಬಿಡಲಿಲ್ಲ.

ಟೆಕ್ಸಸ್‌ನ ಹ್ಯೂಸ್ಟನ್ ನಗರದ ಮೆಮೋರಿಯಲ್ ಪಾರ್ಕ್‌ನ ಕತೆ ಇನ್ನೂ ಹತ್ತಿರದ್ದು. ಮೊದಲ ಮಹಾಯುದ್ಧದಲ್ಲಿ ಸೈನಿಕ ಶಿಬಿರವಾಗಿದ್ದ ಜಾಗದಲ್ಲಿ 1936ರಲ್ಲಿ ಮಾಡಿದ ಪಾಲಿಕೆ ಮೈದಾನವದು. ಹ್ಯೂಸ್ಟನ್ ಓಪನ್ ಪಂದ್ಯವನ್ನು ಮತ್ತೆ ನಗರದೊಳಕ್ಕೆ ತರಲು ಬೇಸ್‌ಬಾಲ್ ತಂಡವೊಂದರ ಮಾಲೀಕ ಜಿಮ್ ಕ್ರೇನ್ ಅವರ ಪ್ರತಿಷ್ಠಾನ ಸುಮಾರು 3.4 ಕೋಟಿ ಡಾಲರ್ ಹೂಡಿತು. ವಿನ್ಯಾಸಕಾರ ಟಾಮ್ ಡೋಕ್, ಸಲಹೆಗೆ ಆಗಿನ ಅಗ್ರ ಆಟಗಾರ ಬ್ರೂಕ್ಸ್ ಕೆಪ್ಕಾ. ಡೋಕ್ ಅವರ ಮುಂದಿದ್ದ ಸಮಸ್ಯೆ ಕಠಿಣ: ವರ್ಷದಲ್ಲಿ ನಾಲ್ಕು ದಿನ ಜಗತ್ತಿನ ಶ್ರೇಷ್ಠರಿಗೆ ಸವಾಲಾಗಬೇಕು, ಉಳಿದ ದಿನಗಳಲ್ಲಿ ಪಿಂಚಣಿದಾರರೂ ಶಾಲಾ ಮಕ್ಕಳೂ ಖುಷಿಯಿಂದ ಆಡಬೇಕು. ಅವರು ಮರಳು ತುಂಬಿದ ಗುಂಡಿಗಳನ್ನು, ಎಂದರೆ ಬಂಕರ್‌ಗಳನ್ನು ಇಪ್ಪತ್ತರ ಆಸುಪಾಸಿಗೆ ಇಳಿಸಿದರು. ನೆಲದ ಏರುತಗ್ಗುಗಳಿಂದಲೇ ಆಟವನ್ನು ಕಠಿಣಗೊಳಿಸಿದರು. 2019ರ ಕೊನೆಯಲ್ಲಿ ಮೈದಾನ ಮೊದಲು ತೆರೆದದ್ದು ಊರಿನವರಿಗೆ. ಪಂದ್ಯ ನಡೆದದ್ದು ಆಮೇಲೆ, 2020ರ ನವೆಂಬರ್‌ನಲ್ಲಿ. ಮೆಕ್ಸಿಕೊದ ಕಾರ್ಲೋಸ್ ಒರ್ಟಿಸ್ ಗೆದ್ದರು. ನಾನು ಈ ಎರಡರಲ್ಲಿ ಹ್ಯೂಸ್ಟನ್ನನ್ನೇ ಮೇಲಿಡುತ್ತೇನೆ. ಖಾಸಗಿ ಹಣ ಬಂದಿತು, ಆದರೆ ನೆಲದ ಹಕ್ಕು ಕೈ ಬದಲಾಗಲಿಲ್ಲ.

ನ್ಯೂಯಾರ್ಕ್‌ ಬಳಿಯ ಬೆತ್‌ಪೇಜ್ ಬ್ಲ್ಯಾಕ್ ರಾಜ್ಯ ಸರ್ಕಾರದ ಉದ್ಯಾನದೊಳಗಿನ ಮೈದಾನ. 2002ರಲ್ಲಿ ಯುಎಸ್ ಓಪನ್, 2025ರಲ್ಲಿ ರೈಡರ್ ಕಪ್ ಅಲ್ಲಿ ನಡೆದವು. ಆಡುವ ಸರದಿಗಾಗಿ ಜನ ರಾತ್ರಿಯಿಡೀ ಕಾರಿನಲ್ಲೇ ಮಲಗಿ ಕಾಯುವ ಪರಿಪಾಠ ಅಲ್ಲಿ ಪ್ರಸಿದ್ಧ. ಈ ಮೈದಾನದ ಹುಟ್ಟು ನಮಗೆ ಮುಖ್ಯ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡವರಿಗೆ ಕೂಲಿ ಕೊಟ್ಟು ಮಾಡಿಸಿದ ಕಾಮಗಾರಿ ಅದು. ಕಷ್ಟಕಾಲದ ಕೂಲಿಯಲ್ಲಿ ಎದ್ದ ಸಾರ್ವಜನಿಕ ಆಸ್ತಿ ಎಂಬತ್ತು ವರ್ಷ ದಾಟಿಯೂ ಜನರ ಕೈಯಲ್ಲೇ ಇದೆ.

ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಅಂತೂ ಗಾಲ್ಫ್‌ನ ತವರು. ಅಲ್ಲಿನ ಓಲ್ಡ್ ಕೋರ್ಸ್ ಸಾರ್ವಜನಿಕ ಭೂಮಿ, ನೋಡಿಕೊಳ್ಳುವುದು ಟ್ರಸ್ಟ್. ಸಾಮಾನ್ಯವಾಗಿ ಭಾನುವಾರ ಆಟಕ್ಕೆ ರಜೆ. ಆ ದಿನ ಊರಿನವರು ಮಕ್ಕಳು ಮರಿಗಳೊಂದಿಗೆ ಅಲ್ಲಿ ಅಡ್ಡಾಡುತ್ತಾರೆ. ಜಗತ್ತಿನ ಅತಿ ಪೂಜ್ಯ ಗಾಲ್ಫ್ ನೆಲಕ್ಕೇ ವಾರಕ್ಕೊಮ್ಮೆ ವಿಶ್ರಾಂತಿ, ಊರಿಗೆ ವಾರಕ್ಕೊಮ್ಮೆ ಉದ್ಯಾನ.

ಬೇಲಿಯಾಚೆಯ ಹುಡುಗರು

ಮೈದಾನ ತೆರೆದಿದ್ದರೆ ಏನಾಗುತ್ತದೆಂಬುದಕ್ಕೆ ಕರ್ನಾಟಕದಲ್ಲೇ ಸಾಕ್ಷಿ ಇದೆ. ಬೆಂಗಳೂರಿನಲ್ಲಿ ಕ್ಯಾಡಿಯಾಗಿ, ಎಂದರೆ ಬೇರೆಯವರ ಕೋಲುಚೀಲ ಹೊತ್ತು ನಡೆಯುತ್ತ ಆಟ ಕಲಿತ ಸಿ. ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಗೆದ್ದರು. ಬಿಡದಿಯ ಈಗಲ್‌ಟನ್ ಮೈದಾನದ ಪಕ್ಕದ ಹಳ್ಳಿಯ ಹುಡುಗ ಎಸ್. ಚಿಕ್ಕರಂಗಪ್ಪ ಅಲ್ಲೇ ಚೆಂಡು ಹೆಕ್ಕುತ್ತ, ಚೀಲ ಹೊರುತ್ತ ಬೆಳೆದು 2010ರಲ್ಲಿ ರಾಷ್ಟ್ರೀಯ ಅಮೆಚೂರ್ ಚಾಂಪಿಯನ್ ಆದರು. ಅದಿತಿ ಅಶೋಕ್ ಐದನೇ ವಯಸ್ಸಿಗೆ ಕೋಲು ಹಿಡಿದದ್ದು ಚಲ್ಲಘಟ್ಟದ ಮೈದಾನದಲ್ಲಿ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯವರಾಗಿ ಒಂದೇ ಹೊಡೆತದಿಂದ ಪದಕ ತಪ್ಪಿಸಿಕೊಂಡಾಗ ಗಾಲ್ಫ್ ಅರಿಯದ ಮನೆಗಳೂ ನಸುಕಿನಲ್ಲೆದ್ದು ನೋಡಿದವು. ಮುನಿಯಪ್ಪ, ಚಿಕ್ಕರಂಗಪ್ಪ ಅವರಿಗೆ ಬೇಲಿಯ ಬಾಗಿಲು ಕೆಲಸದ ನೆಪದಲ್ಲಿ ತೆರೆಯಿತು. ಆ ನೆಪ ಇಲ್ಲದ ಎಷ್ಟು ಮಕ್ಕಳು ಹೊರಗೇ ಉಳಿದರೋ.

ಹಾಗೆಂದು ಕೂಡ್ಲಿಗಿಗೆ ಗಾಲ್ಫ್ ಮೈದಾನ ಬೇಕೆಂದು ನಾನು ಕೇಳುವುದಿಲ್ಲ. ಹದಿನೆಂಟು ಕುಳಿಯ ಮೈದಾನ ಬೇಸಿಗೆಯಲ್ಲಿ ದಿನಕ್ಕೆ ಲಕ್ಷಗಟ್ಟಲೆ ಲೀಟರ್ ನೀರು ಕುಡಿಯುತ್ತದೆ. 74 ಕೆರೆಗಳಿಗೆ ತುಂಗಭದ್ರೆಯ ನೀರು ತುಂಬಿಸಿ ಎಂದು ವರ್ಷಗಟ್ಟಲೆ ಕೇಳಿದ ತಾಲ್ಲೂಕಿನಲ್ಲಿ ಆ ಮಾತು ಆಡುವುದೇ ತಪ್ಪು. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ತೋಟ, ಕಾರು ತೊಳೆಯಲು ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಎಂದಿತು. ಐಪಿಎಲ್ ಪಂದ್ಯಗಳಿಗಾಗಿ ಚಿನ್ನಸ್ವಾಮಿ ಮೈದಾನಕ್ಕೆ ಕಬ್ಬನ್ ಪಾರ್ಕ್‌ನ ಘಟಕದಿಂದ ಶುದ್ಧೀಕರಿಸಿದ ಬಳಕೆ ನೀರು ಕೊಡಲು ಒಪ್ಪಿತು. ನಮಗೆ ಬೇಕಾದದ್ದು ಆ ದಾರಿ.

ಮೈದಾನ ಕಟ್ಟುವ ಕೌಶಲ ನಮಗೆ ಹೊಸದೂ ಅಲ್ಲ. ಜಾತ್ರೆಯ ಬಯಲು ಜಂಗಿ ಕುಸ್ತಿಗೆ ಮೊದಲು ಕಣದ ಕೆಮ್ಮಣ್ಣನ್ನು ಅಗೆದು, ಜರಡಿ ಹಿಡಿದು, ಕಲ್ಲು ಆಯ್ದು, ಎಣ್ಣೆ, ಮಜ್ಜಿಗೆ, ಅರಿಶಿನ ಬೆರೆಸಿ ಹದ ಮಾಡುವ ಹಿರಿಯ ಪೈಲ್ವಾನರಿಗೂ ಅಗಸ್ಟಾದ ಮಾಲಿಗೂ ಕೆಲಸದಲ್ಲಿ ವ್ಯತ್ಯಾಸವಿಲ್ಲ. ಬಿದ್ದವನ ಮೂಳೆ ಉಳಿಸುವುದು ಆ ಹದ. ಆದರೆ ಅದೇ ಊರಿನ ತಾಲ್ಲೂಕು ಕ್ರೀಡಾಂಗಣಕ್ಕೆ ಅಂಥ ಒಬ್ಬ ಮೇಸ್ತ್ರಿ ಇರುವುದಿಲ್ಲ. ದಸರಾ ಕ್ರೀಡಾಕೂಟ ಹತ್ತಿರ ಬಂದಾಗ ಜೆಸಿಬಿ ಬರುತ್ತದೆ, ಮೇಲ್ಮಣ್ಣು ಕೆರೆಯುತ್ತದೆ, ಗರಸು ಸುರಿದು ಉರುಳೆ ಹೊಡೆಯುತ್ತಾರೆ, ಸುಣ್ಣದ ಗೆರೆ ಎಳೆಯುತ್ತಾರೆ. ಕೂಟ ಮುಗಿಯುತ್ತದೆ. ಮಳೆ ಬಂದರೆ ನೀರು ನಿಲ್ಲುತ್ತದೆ, ಬಿಸಿಲು ಬಂದರೆ ನೆಲ ಬಂಡೆಯಾಗುತ್ತದೆ. ಆ ನೆಲದ ಮೇಲೆ ಕೊಕ್ಕೊ ಆಡುವ ಹುಡುಗಿಯ ಮೊಣಕಾಲು ನೋಡಿದವರಿಗೆ ಬೇರೆ ವರದಿ ಬೇಕಿಲ್ಲ.

ಇದನ್ನು ಸರಿಪಡಿಸಲು ಕೋಟಿ ಡಾಲರ್ ಬೇಡ. ಮೊದಲು ನೀರು ಬಸಿಯುವ ಇಳಿಜಾರು ಮತ್ತು ಕಾಲುವೆ, ಆಮೇಲೆ ಮರಳು ಬೆರೆತ ಮೇಲ್ಮಣ್ಣು. ಹುಲ್ಲಿಗೆ ಪರದೇಶದ ತಳಿ ಬೇಡ, ಬದುವಿಗೆ ಎಸೆಯುವ ನಮ್ಮ ಗರಿಕೆಯೇ ಸಾಕು. ಬರದಲ್ಲಿ ಒಣಗಿದಂತೆ ಕಂಡರೂ ಅದು ಸಾಯುವುದಿಲ್ಲ. ಉದ್ಯೋಗ ಖಾತ್ರಿಯ ಕೂಲಿಯಲ್ಲಿ ಶಾಲಾ ಮೈದಾನಗಳನ್ನು ಮಾಡಿದ ಉದಾಹರಣೆಗಳು ರಾಜ್ಯದಲ್ಲಿ ಬೇಕಾದಷ್ಟಿವೆ. ಸುಗ್ಗಿ ಮುಗಿದ ಮೇಲೆ ಬೆಂಗಳೂರಿಗೆ ಗುಳೆ ಹೋಗುವ ಕೈಗಳಿಗೆ ಇಲ್ಲೇ ಈ ಕೆಲಸ ಕೊಡಬಹುದು. ಹಡಗಲಿಯ ಮಲ್ಲಿಗೆ ಬೆಳೆಗಾರರಿಗೆ ಯಾವ ಗಿಡಕ್ಕೆ ಎಷ್ಟು ನೀರು, ಯಾವಾಗ ಕತ್ತರಿ ಎಂಬುದನ್ನು ಯಾರೂ ಕಲಿಸಬೇಕಿಲ್ಲ. ಅಂಥವರಲ್ಲಿ ಒಬ್ಬರನ್ನು ಒಂದೊಂದು ತಾಲ್ಲೂಕು ಮೈದಾನಕ್ಕೆ ವರ್ಷವಿಡೀ ಸಂಬಳ ಕೊಟ್ಟು ನೇಮಿಸಿದರೆ ಅರ್ಧ ಕೆಲಸ ಮುಗಿಯಿತು. ಗಾಲ್ಫ್ ಜಗತ್ತು ಇಷ್ಟು ಹಣ ಸುರಿದ ಮೇಲೂ ಕೊನೆಗೆ ನಂಬುವುದು ನಸುಕಿನಲ್ಲಿ ನೆಲದ ಮೇಲೆ ಮಂಡಿಯೂರುವ ಮಾಲಿಯನ್ನೇ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಓದುಗರಲ್ಲಿ ಒಂದು ವಿನಂತಿ. ಈ ಸಲ ನಿಮ್ಮೂರಿನ ಕ್ರೀಡಾಕೂಟಕ್ಕೆ ಶಾಮಿಯಾನ, ಶೀಲ್ಡು, ಸನ್ಮಾನದ ಲೆಕ್ಕ ಓದುವಾಗ, ಮೈದಾನದ ಮಣ್ಣಿಗೆ ಎಷ್ಟು, ಅದನ್ನು ಕಾಯುವವರ ಸಂಬಳಕ್ಕೆ ಎಷ್ಟು ಎಂದು ಎದ್ದು ನಿಂತು ಕೇಳಿ. ಉತ್ತರ ಸಿಗುವವರೆಗೆ ಗ್ರಾಮಸಭೆಯಲ್ಲೂ ಪಟ್ಟಣದ ವಾರ್ಡ್ ಸಭೆಯಲ್ಲೂ ಕೇಳುತ್ತಿರಿ.